ಕತ್ತಲೆ ಹುಡುಕಿ ಹೊರಟವರು

ರಾತ್ರಿ ತ್ರೀಫೇಸ್ ಕರೆಂಟು ಬಂದಾಗ ಪಂಪ್‌ಸೆಟ್ ಚಾಲೂ ಮಾಡಲು ಹೊಲಕ್ಕೆ ಹೋಗುವ ಕುದೇರಿನ ರೈತನಿಗೆ ನಕ್ಷತ್ರಗಳು ಹೊಸವಲ್ಲ. ಚಾಮರಾಜನಗರ ತಾಲ್ಲೂಕಿನ ಈ ಊರಿಗೆ ಇಂದು ಜಿಲ್ಲಾ ಹಾಲು ಒಕ್ಕೂಟದ ಡೇರಿಯಿಂದ ಹೆಸರು. ಹಾಲು ಕರೆಯುವ ಹೊತ್ತನ್ನು ಗಡಿಯಾರದ ಬದಲು ಪೂರ್ವದಲ್ಲಿ ಮೂಡಿದ ‘ಬೆಳ್ಳಿ’ಯನ್ನು ನೋಡಿ ತಿಳಿಯುತ್ತಿದ್ದ ಹಿರಿಯರ ಕಾಲ ತೀರಾ ಹಳೆಯದೇನೂ ಅಲ್ಲ. ಬೆಳ್ಳಿ ಎಂದರೆ ಶುಕ್ರ ಗ್ರಹ. ಅದನ್ನು ನೋಡಲು ಯಾರೂ ಎಲ್ಲಿಗೂ ಪ್ರಯಾಣ ಮಾಡಬೇಕಿರಲಿಲ್ಲ. ಮನೆಯ ಅಂಗಳಕ್ಕೆ ಬಂದರೆ ಸಾಕಿತ್ತು.

ಈಗ ನಕ್ಷತ್ರ ನೋಡಲೆಂದೇ ಊರು ಬಿಟ್ಟು ಮರುಭೂಮಿಗೆ ಹೋಗುವ ಹೊಸ ರೂಢಿ ಬಂದಿದೆ. ಲಡಾಖಿನ ಹಾನ್ಲೆ, ಗುಜರಾತಿನ ಕಛ್ ರಣ, ರಾಜಸ್ಥಾನದ ಜೈಸಲ್ಮೇರ್ ಇವು ಹೀಗೆ ಹೊರಟವರ ಬಾಯಲ್ಲಿ ಹೆಚ್ಚು ಕೇಳಿಬರುವ ಹೆಸರುಗಳು. ಮೊದಲ ಬಾರಿ ಹೊರಡುವವರಿಗೆ ಸಹಜವಾಗಿಯೇ ಹಲವು ಪ್ರಶ್ನೆಗಳು ಏಳುತ್ತವೆ. ಯಾವ ತಿಂಗಳು ಹೋಗಬೇಕು? ದೂರದರ್ಶಕ ಕೊಳ್ಳಬೇಕೆ? ಅಷ್ಟು ದೂರ ಹೋದರೆ ಇಲ್ಲಿ ಕಾಣದ ಏನು ಕಾಣುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದರೆ ನಮ್ಮ ದೇಶದ ಖಗೋಳ ವಿಜ್ಞಾನದ ಎರಡು ಶತಮಾನಗಳ ಚರಿತ್ರೆಯೇ ತೆರೆದುಕೊಳ್ಳುತ್ತದೆ. ಒಳ್ಳೆಯ ಆಕಾಶವನ್ನು ಅರಸಿ ಗಂಟುಮೂಟೆ ಕಟ್ಟಿದವರಲ್ಲಿ ಮೊದಲಿಗರು ವಿಜ್ಞಾನಿಗಳೇ.

ಜಮಖಂಡಿ, ಬೇಕಲ, ನೀಲಗಿರಿ

ಆಕಾಶ ನೋಡಲು ದೂರ ಪ್ರಯಾಣ ಮಾಡಿದವರ ದೊಡ್ಡ ತಂಡಗಳು ಕನ್ನಡ ನಾಡಿನ ಆಸುಪಾಸಿಗೆ ಬಂದದ್ದು ಹಗಲಿನ ಕತ್ತಲೆಗಾಗಿ, ಅಂದರೆ ಪೂರ್ಣ ಸೂರ್ಯಗ್ರಹಣಕ್ಕಾಗಿ. 1868ರ ಆಗಸ್ಟ್ 18ರ ಗ್ರಹಣವನ್ನು ನೋಡಲು ಲೆಫ್ಟಿನೆಂಟ್ ಜಾನ್ ಹರ್ಷೆಲ್ ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ಬೀಡುಬಿಟ್ಟಿದ್ದ. ಈತ ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್‌ನ ಮೊಮ್ಮಗ. ಆದರೆ ಅದು ಮಳೆಗಾಲ, ಮೋಡಗಳು ಕಾಡಿದವು.

ಮೂರು ವರ್ಷಗಳ ನಂತರ 1871ರ ಡಿಸೆಂಬರ್ 12ರಂದು ಬಂದ ಗ್ರಹಣದ ಹಾದಿ ಕಾಸರಗೋಡಿನ ಕರಾವಳಿಯಿಂದ ವಯನಾಡು, ನೀಲಗಿರಿಗಳ ಮೇಲೆ ಹಾದು ಶ್ರೀಲಂಕೆಯತ್ತ ಸಾಗಿತು. ಇಂಗ್ಲೆಂಡಿನ ನಾರ್ಮನ್ ಲಾಕಿಯರ್ ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಬೇಕಲ ಕೋಟೆಯಲ್ಲಿ ನಿಂತು ವೀಕ್ಷಿಸಿದ. ಫ್ರಾನ್ಸಿನ ಜಾನ್ಸೆನ್ ನೀಲಗಿರಿಯಲ್ಲಿದ್ದ. ನಮ್ಮ ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿದರೆ ಸಿಗುವ ಬೆಟ್ಟಗಳೇ ಅವು. ಲಾಕಿಯರ್ ತನ್ನ ತಂಡದವರೆಲ್ಲರನ್ನೂ ಒಂದೇ ಕಡೆ ಇರಿಸಲಿಲ್ಲ. ಒಂದು ಕಡೆ ಮೋಡ ಕವಿದರೆ ಇನ್ನೊಂದು ಕಡೆಯಾದರೂ ಕಾಣಲಿ ಎಂದು ಗ್ರಹಣದ ಹಾದಿಯುದ್ದಕ್ಕೂ ಹಂಚಿದ್ದ. ಇಂದು ಹಾನ್ಲೆಗೆ ಹೊರಡುವವರೂ ಇದರಿಂದ ಕಲಿಯುವುದಿದೆ: ಒಂದೇ ರಾತ್ರಿಯನ್ನು ನಂಬಿ ಹೋಗಬಾರದು.

ಅದೇ ಗ್ರಹಣವನ್ನು ಕೊಯಮತ್ತೂರಿನ ಬಳಿಯ ಅವಿನಾಶಿಯಲ್ಲಿ ನೋಡಿದವರು ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರ್ಯರು. 1874ರಲ್ಲಿ ಶುಕ್ರ ಗ್ರಹವು ಸೂರ್ಯಬಿಂಬದ ಮುಂದೆ ಹಾದುಹೋಗುವ ಅಪರೂಪದ ಘಟನೆಯನ್ನು ಸಾಮಾನ್ಯರಿಗೆ ವಿವರಿಸಲು ಅವರು ಬರೆದ ಪುಸ್ತಿಕೆ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಬಂದಿತು. ಆಕಾಶವನ್ನು ಹೇಗೆ ನೋಡಬೇಕೆಂದು ಹೊಸಬರಿಗೆ ಕನ್ನಡದಲ್ಲಿ ತಿಳಿಸಿಕೊಡುವ ಕೆಲಸಕ್ಕೆ ಹೀಗೆ ಒಂದೂವರೆ ಶತಮಾನದ ಹಿನ್ನೆಲೆಯಿದೆ.

ಊರು ಬಿಟ್ಟ ದೂರದರ್ಶಕಗಳು

ಗ್ರಹಣ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ವರ್ಷವಿಡೀ ಆಕಾಶ ನೋಡಬೇಕಾದವರ ಕಷ್ಟ ಬೇರೆ. ಮದರಾಸಿನಲ್ಲಿ 1786ರಲ್ಲಿ ವಿಲಿಯಂ ಪೆಟ್ರಿ ಎಂಬಾತ ತನ್ನ ಮನೆಯಲ್ಲೇ ಆರಂಭಿಸಿದ ವೀಕ್ಷಣಾಲಯ 1792ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಂಸ್ಥೆಯಾಗಿ ನೆಲೆಗೊಂಡಿತು. ಆದರೆ ಕಡಲತೀರದ ಆ ಊರಿನ ತೇವ, ಸೆಕೆ, ದೂಳುಗಳ ನಡುವೆ ಸೂರ್ಯನ ಸೂಕ್ಷ್ಮ ಅಧ್ಯಯನ ಕಷ್ಟವಾಯಿತು. ಹೀಗಾಗಿ 1899ರಲ್ಲಿ ಎರಡು ಸಾವಿರ ಮೀಟರಿಗೂ ಎತ್ತರದ ಕೊಡೈಕಾನಲ್ ಬೆಟ್ಟದ ಮೇಲೆ ಹೊಸ ವೀಕ್ಷಣಾಲಯ ಕೆಲಸ ಆರಂಭಿಸಿತು.

ಅಲ್ಲಿಗೆ 1960ರಲ್ಲಿ ನಿರ್ದೇಶಕರಾಗಿ ಬಂದ ವೇಣು ಬಾಪು ಅವರಿಗೆ ರಾತ್ರಿಯ ನಕ್ಷತ್ರಗಳ ಅಧ್ಯಯನಕ್ಕೆ ಇನ್ನೊಂದು ಜಾಗ ಬೇಕೆನಿಸಿತು. ಅವರು ಆರಿಸಿದ್ದು ತಮಿಳುನಾಡಿನ ಜವ್ವಾದಿ ಬೆಟ್ಟಸಾಲಿನ ಕಾಡಿನ ನಡುವಿನ ಕಾವಲೂರು. 1968ರಲ್ಲಿ ಅಲ್ಲಿ ಚಿಕ್ಕದೊಂದು ದೂರದರ್ಶಕದಿಂದ ಕೆಲಸ ಶುರುವಾಯಿತು. 1972ರಲ್ಲಿ ಒಂದು ಮೀಟರಿನ ದೂರದರ್ಶಕ ಬಂದಿತು. 1977ರ ಮಾರ್ಚಿನಲ್ಲಿ ಯುರೇನಸ್ ಗ್ರಹಕ್ಕೂ ಉಂಗುರಗಳಿವೆ ಎಂಬುದನ್ನು ತೋರಿಸಿಕೊಟ್ಟ ವೀಕ್ಷಣೆಗಳಲ್ಲಿ ಕಾವಲೂರಿನದೂ ಒಂದು. ಬಾಪು 1982ರಲ್ಲಿ ತೀರಿಕೊಂಡರು. ಅವರು ಕನಸು ಕಂಡ 2.34 ಮೀಟರಿನ ದೊಡ್ಡ ದೂರದರ್ಶಕ 1986ರ ಜನವರಿಯಲ್ಲಿ ಉದ್ಘಾಟನೆಗೊಂಡು ಅವರ ಹೆಸರನ್ನೇ ಪಡೆಯಿತು. ಈ ನಡುವೆ ಕೊಡೈಕಾನಲ್ ವೀಕ್ಷಣಾಲಯವು 1971ರಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯಾಗಿ, ಅದರ ಕೇಂದ್ರ ಕಚೇರಿ ಬೆಂಗಳೂರಿನ ಕೋರಮಂಗಲಕ್ಕೆ ಬಂದಿತ್ತು.

ಕಾವಲೂರಿಗೆ ಒಂದೇ ಕೊರತೆ. ಎರಡು ಮುಂಗಾರುಗಳ ಮೋಡ ಅದನ್ನು ಬಿಡುವುದಿಲ್ಲ. ಮೋಡವಿಲ್ಲದ, ತೇವವಿಲ್ಲದ, ದೀಪವಿಲ್ಲದ ಜಾಗಕ್ಕಾಗಿ ನಡೆದ ಹುಡುಕಾಟ ಕೊನೆಗೆ ಮುಟ್ಟಿದ್ದು ಲಡಾಖಿನ ಹಾನ್ಲೆಯನ್ನು. ಸುಮಾರು 4,500 ಮೀಟರ್ ಎತ್ತರದ ಬೆಟ್ಟದ ಮೇಲೆ 2000ದ ಸೆಪ್ಟೆಂಬರಿನಲ್ಲಿ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕ ಮೊದಲ ಬಾರಿ ಕಣ್ಣು ತೆರೆಯಿತು. ಖಭೌತ ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ನೆನಪಿನ ಹೆಸರದು. ಅದನ್ನು ನಡೆಸುವುದು ಎಲ್ಲಿಂದ ಗೊತ್ತೆ? ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ. ಉಪಗ್ರಹ ಸಂಪರ್ಕದ ಮೂಲಕ ಇಲ್ಲಿನ ಕೋಣೆಯಲ್ಲಿ ಕುಳಿತ ವಿಜ್ಞಾನಿ ಅಲ್ಲಿನ ಯಂತ್ರವನ್ನು ತಿರುಗಿಸುತ್ತಾರೆ. ಗಾಳಿ ತೆಳುವಾದ ಆ ಎತ್ತರದಲ್ಲಿ ರಾತ್ರಿಯಿಡೀ ನಿದ್ದೆಗೆಟ್ಟು ಕೆಲಸ ಮಾಡುವ ಕಷ್ಟವನ್ನು ತಪ್ಪಿಸಲು ಕಂಡುಕೊಂಡ ದಾರಿ ಇದು.

ಮರುಭೂಮಿ ಎಂದೊಡನೆ ಮರಳು, ಒಂಟೆಗಳ ಚಿತ್ರ ಮನಸ್ಸಿಗೆ ಬರುತ್ತದೆ. ಹಾನ್ಲೆ ಮರುಭೂಮಿಯೇ ಹೌದು, ಆದರೆ ಶೀತಲ ಮರುಭೂಮಿ. ಹಿಮಾಲಯದ ಗೋಡೆ ಮುಂಗಾರನ್ನು ತಡೆಯುವುದರಿಂದ ಅಲ್ಲಿ ವರ್ಷವಿಡೀ ಬೀಳುವ ಮಳೆ, ಹಿಮ ಸೇರಿದರೂ ಹತ್ತು ಸೆಂಟಿಮೀಟರ್ ದಾಟುವುದು ಅಪರೂಪ. ವರ್ಷದಲ್ಲಿ ಸುಮಾರು 260 ರಾತ್ರಿಗಳು ವೀಕ್ಷಣೆಗೆ ಒದಗುತ್ತವೆ. ನಕ್ಷತ್ರದ ಬೆಳಕನ್ನು ಹೀರುವ, ಚದುರಿಸುವ ನೀರಾವಿ, ದೂಳು ಎರಡೂ ಅಲ್ಲಿ ಕಡಿಮೆ.

ದೀಪ ಹೊರಟಿದ್ದು ನಮ್ಮ ನೆರೆಯಿಂದ

ಊರುಗಳ ಆಕಾಶ ಕಳೆಗುಂದಲು ಮುಖ್ಯ ಕಾರಣ ವಿದ್ಯುದ್ದೀಪ. ಅದರ ಕಥೆ ಕುದೇರಿಗೆ ತೀರಾ ಹತ್ತಿರದಿಂದ ಶುರುವಾಗುತ್ತದೆ. ಶಿವನಸಮುದ್ರದಲ್ಲಿ ಕಾವೇರಿಯಿಂದ ಉತ್ಪಾದಿಸಿದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅಲ್ಲಿನ ಎರಡು ಜಲಪಾತಗಳಲ್ಲಿ ಭರಚುಕ್ಕಿ ಇರುವುದು ಇಂದಿನ ಚಾಮರಾಜನಗರ ಜಿಲ್ಲೆಯಲ್ಲೇ. 1905ರ ಆಗಸ್ಟ್ 5ರಂದು ಅದೇ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ಸೀಮೆಎಣ್ಣೆಯ ಬುಡ್ಡಿಯಲ್ಲಿ ಓದಿದವರ ಮಕ್ಕಳು ಬಲ್ಬಿನ ಬೆಳಕಿನಲ್ಲಿ ಓದಿದರು. ಇದನ್ನು ದೂರುವವರು ಯಾರೂ ಇಲ್ಲ.

ತೊಂದರೆ ಇರುವುದು ನೆಲಕ್ಕೆ ಬೇಕಾದ ಬೆಳಕು ಮುಗಿಲಿಗೆ ಹೋಗುವುದರಲ್ಲಿ. ಮುಚ್ಚಳವಿಲ್ಲದ ದೀಪದ ಬೆಳಕಿನ ಒಂದು ಪಾಲು ಮೇಲಕ್ಕೆ ಹೋಗಿ, ಗಾಳಿಯಲ್ಲಿನ ದೂಳಿಗೆ ತಾಗಿ ಚದುರಿ, ಇಡೀ ಆಕಾಶಕ್ಕೆ ತೆಳುವಾದ ಪರದೆ ಎಳೆಯುತ್ತದೆ. ಬಿಳಿ, ನೀಲಿ ಬೆಳಕು ಹಳದಿಗಿಂತ ಹೆಚ್ಚು ಚದುರುವುದರಿಂದ ಎಲ್‌ಇಡಿ ದೀಪಗಳು ಬಂದ ಮೇಲೆ ಪರದೆ ದಪ್ಪವಾಗಿದೆ. ಜಗತ್ತಿನ ಸಾವಿರಾರು ಹವ್ಯಾಸಿಗಳು 2011ರಿಂದ 2022ರವರೆಗೆ ಬರಿಗಣ್ಣಿನಿಂದ ಮಾಡಿದ ಎಣಿಕೆಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ರಾತ್ರಿಯ ಆಕಾಶದ ಹೊಳಪು ವರ್ಷಕ್ಕೆ ಶೇಕಡ ಹತ್ತರಷ್ಟು ಹೆಚ್ಚಿದೆ. ಈ ಎಣಿಕೆಗಳು ಬಹುಪಾಲು ಯೂರೋಪು, ಉತ್ತರ ಅಮೆರಿಕಗಳವು. ಅದೇ ಲೆಕ್ಕದಲ್ಲಿ ಸಾಗಿದರೆ, ಹುಟ್ಟಿದಾಗ 250 ನಕ್ಷತ್ರ ಕಾಣುವ ಊರಿನಲ್ಲಿ ಮಗುವಿಗೆ ಹದಿನೆಂಟು ತುಂಬುವ ಹೊತ್ತಿಗೆ ಉಳಿಯುವುದು ನೂರು ಮಾತ್ರ. ಒಳ್ಳೆಯ ಕತ್ತಲೆಯಲ್ಲಿ ಒಮ್ಮೆಗೆ ಬರಿಗಣ್ಣಿಗೆ ಕಾಣುವ ನಕ್ಷತ್ರಗಳು ಎರಡು–ಮೂರು ಸಾವಿರ!

ಮೊದಲ ಪಾಠ ಕುದೇರಿನ ಹೊಲದಲ್ಲಿ

ಹಾಗಾದರೆ ಟಿಕೆಟ್ ಕೊಂಡು ಹಾನ್ಲೆಗೆ ಹೊರಟುಬಿಡೋಣವೇ? ಅದಕ್ಕೆ ಮೊದಲು ಮೂರು–ನಾಲ್ಕು ತಿಂಗಳ ಸಿದ್ಧತೆ ಇಲ್ಲೇ ಆಗಬೇಕು. ಇದಕ್ಕೆ ಗಟ್ಟಿಯಾದ ಕಾರಣವಿದೆ. ಪೂರ್ಣ ಕತ್ತಲೆಯ ಆಕಾಶಕ್ಕೆ ಮೊದಲ ಬಾರಿ ಹೋದವರು ಸಾಮಾನ್ಯವಾಗಿ ದಿಕ್ಕು ತಪ್ಪುತ್ತಾರೆ. ನಕ್ಷತ್ರಗಳು ಎಷ್ಟೊಂದು ಕಾಣುತ್ತವೆಂದರೆ ಪರಿಚಿತ ಆಕೃತಿಗಳು ಆ ಸಂದಣಿಯಲ್ಲಿ ಕಳೆದುಹೋಗುತ್ತವೆ. ಪ್ರಮುಖ ನಕ್ಷತ್ರಗಳಷ್ಟೇ ಎದ್ದು ಕಾಣುವ ಹಳ್ಳಿಯ ಆಕಾಶವೇ ಆರಂಭದ ಪಾಠಕ್ಕೆ ಅನುಕೂಲ.

ಹೆಸರುಗಳು ನಮಗೆ ಹೊಸವಲ್ಲ. ಮೃಗಶಿರಾ ಮಳೆ, ಆರಿದ್ರಾ ಮಳೆ ಎಂದು ಬಿತ್ತನೆಯ ಲೆಕ್ಕ ಹಾಕುವ ರೈತರಿಗೆ ಇಪ್ಪತ್ತೇಳು ನಕ್ಷತ್ರಗಳೂ ಬಾಯಿಪಾಠ. ಆದರೆ ಆರಿದ್ರಾ ಮಳೆಯ ದಿನಗಳಲ್ಲಿ ಆಕಾಶದಲ್ಲಿ ಆರಿದ್ರೆಯನ್ನು ಹುಡುಕಿದರೆ ಸಿಗುವುದಿಲ್ಲ. ಸೂರ್ಯ ಆ ನಕ್ಷತ್ರದ ಭಾಗದಲ್ಲಿರುವ ಎರಡು ವಾರಕ್ಕೆ ಆ ಹೆಸರು. ಆಗ ಅದು ಹಗಲಿನಲ್ಲಿ ಸೂರ್ಯನ ಜೊತೆಗೇ ಇರುತ್ತದೆ. ಅದನ್ನು ನೋಡಬೇಕಾದರೆ ಜನವರಿ, ಫೆಬ್ರುವರಿಗಳ ಸಂಜೆ ಹೊರಗೆ ಬರಬೇಕು. ಮಹಾವ್ಯಾಧನ ಹೆಗಲಿನ ಕೆಂಪು ನಕ್ಷತ್ರವೇ ಆರಿದ್ರೆ. ಮದುವೆಯಲ್ಲಿ ಅರುಂಧತಿ ತೋರಿಸುವ ಶಾಸ್ತ್ರವೂ ಇದೆ. ಹಗಲಿನ ಮುಹೂರ್ತದಲ್ಲಿ ಛತ್ರದ ಚಾವಣಿಯತ್ತ ಬೆರಳು ತೋರಿ ಮುಗಿಸುವ ಬದಲು ಏಪ್ರಿಲ್–ಮೇ ರಾತ್ರಿ ಉತ್ತರಕ್ಕೆ ನೋಡಿದರೆ, ಸಪ್ತರ್ಷಿಗಳ ಬಾಲದ ನಡುವಿನ ವಸಿಷ್ಠನ ಪಕ್ಕದಲ್ಲೇ ಮಂಕಾದ ಅರುಂಧತಿ ಕಾಣುತ್ತಾಳೆ. ಕಣ್ಣಿನ ಶಕ್ತಿಗೂ ಆಕಾಶದ ಸ್ವಚ್ಛತೆಗೂ ಅದೊಂದು ಸುಲಭ ಪರೀಕ್ಷೆ.

ಕುದೇರಿನ ಆಕಾಶದಲ್ಲಿ ಕಾಣುವ ಕೆಲವು ನಕ್ಷತ್ರಗಳು ಹಾನ್ಲೆಗೆ ಹೋದರೆ ಕಾಣುವುದೇ ಇಲ್ಲ ಎಂಬುದು ಹೆಚ್ಚು ಜನರಿಗೆ ತಿಳಿಯದ ಸಂಗತಿ. ಕುದೇರು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾನ್ಲೆ ಸುಮಾರು 33ರಲ್ಲಿ. ಕೈ ನೀಡಿ ಮುಷ್ಟಿ ಹಿಡಿದರೆ ಅದರ ಅಗಲ ಆಕಾಶದಲ್ಲಿ ಸುಮಾರು ಹತ್ತು ಡಿಗ್ರಿ. ಈ ಅಳತೆಯಲ್ಲಿ ಧ್ರುವ ನಕ್ಷತ್ರ ನಮ್ಮಲ್ಲಿ ಉತ್ತರ ದಿಗಂತದಿಂದ ಒಂದು ಮುಷ್ಟಿಗಿಂತ ತುಸು ಮೇಲೆ; ಹಾನ್ಲೆಯಲ್ಲಿ ಮೂರು ಮುಷ್ಟಿ ದಾಟುತ್ತದೆ. ದಕ್ಷಿಣದಲ್ಲಿ ಲೆಕ್ಕ ತಿರುಗುಮುರುಗು. ಆಕಾಶದ ಎರಡನೆಯ ಅತ್ಯುಜ್ವಲ ನಕ್ಷತ್ರವಾದ ಅಗಸ್ತ್ಯ ಫೆಬ್ರುವರಿಯ ರಾತ್ರಿ ಒಂಬತ್ತರ ಸುಮಾರಿಗೆ ನಮಗೆ ಎರಡೂವರೆ ಮುಷ್ಟಿ ಎತ್ತರದಲ್ಲಿ ಹೊಳೆಯುತ್ತದೆ. ಹಾನ್ಲೆಯಲ್ಲಿ ಅದು ಅರ್ಧ ಮುಷ್ಟಿಯೂ ಏರದೆ ಬೆಟ್ಟಗಳ ಮರೆಯಲ್ಲೇ ಉಳಿಯುತ್ತದೆ. ಮೇ ತಿಂಗಳಲ್ಲಿ ದಕ್ಷಿಣಕ್ಕೆ ನಿಲ್ಲುವ ತ್ರಿಶಂಕುವಿನ ಬುಡದ ನಕ್ಷತ್ರವಂತೂ ಅಲ್ಲಿ ಹುಟ್ಟುವುದೇ ಇಲ್ಲ. ಬಾಪು ಅವರು ಕಾವಲೂರನ್ನು ಆರಿಸಲು ದಕ್ಷಿಣದ ಆಕಾಶ ಸಿಗುತ್ತದೆ ಎಂಬುದೂ ಒಂದು ಕಾರಣ. ಕುದೇರು, ಕಾವಲೂರುಗಳ ಅಕ್ಷಾಂಶದಲ್ಲಿ ಅರ್ಧ ಡಿಗ್ರಿಯ ಸುಮಾರು ವ್ಯತ್ಯಾಸವಷ್ಟೇ.

ಅಭ್ಯಾಸಕ್ಕೆ ಊರಿನ ದೀಪಗಳಿಗೆ ಬೆನ್ನು ಮಾಡಿ ನಿಲ್ಲುವ ಜಾಗ ಸಾಕು. ಕುದೇರಿನ ವಾಯವ್ಯಕ್ಕೆ ಮೈಸೂರಿನ ಬೆಳಕಿದೆ. ಬಿಳಿಗಿರಿರಂಗನ ಬೆಟ್ಟದ ದಿಕ್ಕಾದ ಪೂರ್ವ ಹೆಚ್ಚು ಅನುಕೂಲ. ಕತ್ತಲೆ ಬೇಕೆಂದು ಕಾಡಿನೊಳಕ್ಕೆ ಹೋಗಬಾರದು. ಹುಲಿ ಸಂರಕ್ಷಿತ ಅರಣ್ಯಗಳಲ್ಲಿ ರಾತ್ರಿ ಪ್ರವೇಶ ಇಲ್ಲ, ಆನೆಗಳ ಭಯವೂ ಇದೆ. ಸ್ವಂತ ಹೊಲ ಅಥವಾ ಮನೆಯ ತಾರಸಿಯೇ ಕ್ಷೇಮ. ಮೈಸೂರಿನಲ್ಲಿ ನೆಲೆಸಿದ್ದ ಜಿ.ಟಿ. ನಾರಾಯಣರಾವ್ ಅವರ ‘ನಕ್ಷತ್ರ ವೀಕ್ಷಣೆ’ಯಂಥ ಕನ್ನಡ ಪುಸ್ತಕ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಪ್ರಯಾಣದ ಲೆಕ್ಕಾಚಾರ

ಇಷ್ಟಾದ ಮೇಲೆ ಮರುಭೂಮಿಯ ಮಾತು. ಮೊದಲು ನೋಡಬೇಕಾದದ್ದು ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರು. ಹುಣ್ಣಿಮೆಯ ಚಂದ್ರನಿದ್ದರೆ ಹಾನ್ಲೆಯಲ್ಲೂ ಆಕಾಶಗಂಗೆ ಮಸುಕಾಗುತ್ತದೆ. ಚಂದ್ರ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗಿ ಹುಟ್ಟುವುದರಿಂದ ಕೃಷ್ಣಪಕ್ಷದ ಅಷ್ಟಮಿಯ ನಂತರ ಮಧ್ಯರಾತ್ರಿಯವರೆಗೂ ಕತ್ತಲೆ ಸಿಗುತ್ತದೆ. ಅಮಾವಾಸ್ಯೆಯ ಹಿಂದುಮುಂದಿನ ನಾಲ್ಕೈದು ದಿನ ಅತ್ಯುತ್ತಮ. ಕಛ್‌ನ ಬಿಳಿ ರಣಕ್ಕೆ ಪ್ರವಾಸಿಗರು ಮುಗಿಬೀಳುವುದು ಹುಣ್ಣಿಮೆಗೆ. ನಕ್ಷತ್ರ ನೋಡುವವರು ಅಮಾವಾಸ್ಯೆಗೆ ಹೋಗಬೇಕು.

ಎರಡನೆಯದು ಋತು. ಕಛ್, ಜೈಸಲ್ಮೇರ್‌ಗಳಿಗೆ ನವೆಂಬರಿನಿಂದ ಫೆಬ್ರುವರಿ ಹಿತ. ಲಡಾಖಿಗೆ ಮೇ ಕೊನೆಯಿಂದ ಅಕ್ಟೋಬರ್ ಆರಂಭದವರೆಗಿನ ಅವಧಿ ವಾಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶಗಂಗೆಯ ದಟ್ಟವಾದ ನಡುಭಾಗ ವೃಶ್ಚಿಕ, ಧನುಸ್ಸುಗಳ ನಡುವೆ ಸಂಜೆಯಿಂದಲೇ ಕಾಣಸಿಗುತ್ತದೆ. ಆ ತಿಂಗಳುಗಳಲ್ಲಿ ನಮ್ಮಲ್ಲಿ ಮೋಡ, ಅಲ್ಲಿ ಶುಭ್ರ ಆಕಾಶ.

ಮೂರನೆಯದು ಎತ್ತರ. ಹಾನ್ಲೆಯಲ್ಲಿ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಐದರಲ್ಲಿ ಮೂರು ಪಾಲಿನಷ್ಟು. ವಿಮಾನದಲ್ಲಿ ಲೇಹ್‌ಗೆ ಇಳಿದವರು ಅಲ್ಲಿಯೇ ಎರಡು–ಮೂರು ದಿನ ವಿಶ್ರಾಂತಿ ಪಡೆಯದೆ ಮುಂದೆ ಹೋಗಬಾರದು. ಲೇಹ್ ಕೂಡ 3,500 ಮೀಟರ್ ಎತ್ತರದಲ್ಲಿದೆ. ಹೃದಯ, ಶ್ವಾಸಕೋಶದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ತಲೆನೋವು, ವಾಂತಿ ಹೆಚ್ಚಾದರೆ ತಡಮಾಡದೆ ಕೆಳಗಿನ ಊರಿಗೆ ಇಳಿಯಬೇಕು. ಲೇಹ್‌ನಿಂದ ಹಾನ್ಲೆಗೆ 250 ಕಿಲೋಮೀಟರಿಗೂ ಹೆಚ್ಚು, ಇಡೀ ದಿನದ ದಾರಿ. ಚೀನಾ ಗಡಿಗೆ ಹತ್ತಿರವಾದ್ದರಿಂದ ಪ್ರವೇಶದ ನಿಯಮಗಳನ್ನು ಲೇಹ್ ಜಿಲ್ಲಾಡಳಿತದಿಂದ ಮೊದಲೇ ತಿಳಿದುಕೊಂಡಿರಬೇಕು. ಬೇಸಿಗೆಯಲ್ಲೂ ರಾತ್ರಿ ನಡುಕ ಹುಟ್ಟಿಸುವ ಚಳಿ. ಕಿವಿ ಮುಚ್ಚುವ ಟೋಪಿ, ಕೈಗವಸು, ದಪ್ಪ ಕಾಲುಚೀಲ ಬೇಕೇ ಬೇಕು.

ದೂರದರ್ಶಕ? ಹೊಸಬರಿಗೆ ಬೇಡ. ಹಾಸಿಕೊಳ್ಳಲು ಚಾಪೆ, ಹೊದೆಯಲು ಕಂಬಳಿ, ಏಳು ಅಥವಾ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ 50 ಮಿಲಿಮೀಟರಿನ ಬೈನಾಕ್ಯುಲರ್, ಗಾಜಿಗೆ ಕೆಂಪು ಕಾಗದ ಸುತ್ತಿದ ಟಾರ್ಚು ಇಷ್ಟಿದ್ದರೆ ಆಯಿತು. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ನಡುವೆ ಒಮ್ಮೆ ಮೊಬೈಲ್ ಪರದೆ ನೋಡಿದರೆ ಮತ್ತೆ ಮೊದಲಿನಿಂದ ಕಾಯಬೇಕು. ಕೆಂಪು ಬೆಳಕು ಮಾತ್ರ ಈ ಹೊಂದಾಣಿಕೆಯನ್ನು ಅಷ್ಟಾಗಿ ಕೆಡಿಸುವುದಿಲ್ಲ. ಇನ್ನೊಂದು ಮಾತು: ಛಾಯಾಚಿತ್ರಗಳಲ್ಲಿ ಕಾಣುವ ನೇರಳೆ, ಕಿತ್ತಳೆ ಬಣ್ಣದ ಆಕಾಶಗಂಗೆ ಕ್ಯಾಮೆರಾ ಬಹಳ ಹೊತ್ತು ತೆರೆದಿದ್ದು ಕಂಡದ್ದು. ಬರಿಗಣ್ಣಿಗೆ ಅದು ಬೂದು ಬಿಳುಪಿನ, ನಡುನಡುವೆ ಕಪ್ಪು ಬಿರುಕುಗಳಿರುವ ಪಟ್ಟಿ. ಇದು ತಿಳಿದಿದ್ದರೆ ನಿರಾಸೆಯಾಗುವುದಿಲ್ಲ.

ಕತ್ತಲೆ ಕಾಯುವ ಊರು

ಮದರಾಸಿನಿಂದ ಹಾನ್ಲೆಯವರೆಗೆ ವೀಕ್ಷಣಾಲಯಗಳು ಮಾಡಿದ್ದು ಒಂದೇ ಕೆಲಸ: ಆಕಾಶ ಕೆಟ್ಟಾಗ ಅಥವಾ ಸಾಲದಾದಾಗ ಇನ್ನಷ್ಟು ದೂರ ಹೋಗುವುದು. ಹಾನ್ಲೆಯಿಂದಾಚೆಗೆ ಹೋಗಲು ನಮ್ಮ ದೇಶದಲ್ಲಿ ಜಾಗ ಹೆಚ್ಚು ಉಳಿದಿಲ್ಲ. ಆದ್ದರಿಂದ ಅಲ್ಲಿ ಬೇರೆ ಉಪಾಯ ಮಾಡಲಾಯಿತು. 2022ರ ಡಿಸೆಂಬರಿನಲ್ಲಿ ವೀಕ್ಷಣಾಲಯದ ಸುತ್ತಲಿನ 1,073 ಚದರ ಕಿಲೋಮೀಟರ್ ಪ್ರದೇಶವನ್ನು ಕತ್ತಲೆ ಆಕಾಶದ ಸಂರಕ್ಷಿತ ವಲಯವೆಂದು ಘೋಷಿಸಲಾಯಿತು. ಹಳ್ಳಿಯವರು ಕಿಟಕಿಗಳಿಗೆ ದಪ್ಪ ಪರದೆ ಹಾಕಿದರು, ದೀಪಗಳಿಗೆ ಮುಚ್ಚಳ ಹೊದಿಸಿದರು. ಇಪ್ಪತ್ತಕ್ಕೂ ಹೆಚ್ಚು ಸ್ಥಳೀಯರಿಗೆ ತರಬೇತಿ ಕೊಟ್ಟು ಚಿಕ್ಕ ದೂರದರ್ಶಕಗಳನ್ನು ಒದಗಿಸಲಾಯಿತು. ಬೆಟ್ಟದ ಮೇಲಿನ ದೊಡ್ಡ ಯಂತ್ರ ಸಂಶೋಧನೆಗೆ ಮೀಸಲು. ಪ್ರವಾಸಿಗರಿಗೆ ಆಕಾಶ ತೋರಿಸುವವರು ಈ ಹಳ್ಳಿಗರೇ. ಕತ್ತಲೆ ಉಳಿದರೆ ಅವರಿಗೆ ಅನ್ನ. ಅಲ್ಲಿಗೆ ಹೋದವರು ವಾಹನದ ದೀಪ ತಗ್ಗಿಸಿ, ಫ್ಲ್ಯಾಷ್ ಬಳಸದೆ ಇರುವುದು ಆ ಊರಿಗೆ ತೋರುವ ಮರ್ಯಾದೆ.

ರಾತ್ರಿಗಾಗಿ ಮನುಷ್ಯ ತುಸು ಹಿಂದೆ ಸರಿಯುವ ಇಂಥ ಪಾಠ ನಮ್ಮ ಜಿಲ್ಲೆಗೆ ಹೊಸದಲ್ಲ. ಗುಂಡ್ಲುಪೇಟೆಯಿಂದ ಬಂಡೀಪುರದ ಮೂಲಕ ಕೇರಳ, ಊಟಿಗಳಿಗೆ ಹೋಗುವ ಹೆದ್ದಾರಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಸಂಚಾರಕ್ಕೆ 2009ರಲ್ಲಿ ನಿರ್ಬಂಧ ಬಂದಿತು. ಕಾಡುಪ್ರಾಣಿಗಳಿಗಾಗಿ ತಂದ ಆ ನಿಯಮದ ಸುತ್ತ ವಾದ ವಿವಾದಗಳು ನಡೆದವು. ಆದರೂ ಇಲ್ಲಿನ ಜನ ತಮ್ಮ ಓಡಾಟವನ್ನು ಅದಕ್ಕೆ ಹೊಂದಿಸಿಕೊಂಡರು.

ನಕ್ಷತ್ರಗಳಿಗಾಗಿ ಬೇಕಾದದ್ದು ಅದಕ್ಕಿಂತ ಬಹಳ ಕಡಿಮೆ. ಬೀದಿದೀಪ ಆರಿಸಬೇಕಾಗಿಲ್ಲ, ಬೆಳಕು ಕೆಳಕ್ಕಷ್ಟೇ ಬೀಳುವಂತೆ ಮುಚ್ಚಳ ಹಾಕಿದರೆ ದಾರಿಯೂ ಚೆನ್ನಾಗಿ ಕಾಣುತ್ತದೆ, ಕರೆಂಟೂ ಉಳಿಯುತ್ತದೆ. ಗ್ರಾಮ ಪಂಚಾಯಿತಿ ಹೊಸ ದೀಪ ಹಾಕಿಸುವಾಗ ಹಳದಿ ಬೆಳಕಿನದನ್ನು ಆರಿಸಬಹುದು. ಶಾಲೆಯ ಮಕ್ಕಳು ವರ್ಷಕ್ಕೊಮ್ಮೆ, ಚಳಿಗಾಲದ ಅಮಾವಾಸ್ಯೆಯ ರಾತ್ರಿ, ಕೃತ್ತಿಕೆಯ ಗೊಂಚಲಿನಲ್ಲಿ ಎಷ್ಟು ಚುಕ್ಕಿ ಕಂಡವೆಂದು ಎಣಿಸಿ ಬರೆದಿಡಬಹುದು. ಆರು ಕಂಡರೆ ಆಕಾಶ ಪರವಾಗಿಲ್ಲ, ಏಳೆಂಟು ಕಂಡರೆ ಉತ್ತಮ, ಮೂರು–ನಾಲ್ಕಕ್ಕೆ ಇಳಿದರೆ ಎಚ್ಚರವಾಗಬೇಕು. ಹಾನ್ಲೆಗೆ ಹೋಗುವ ಅವಕಾಶ ಎಲ್ಲರಿಗೂ ಸಿಗಲಾರದು. ಅಲ್ಲಿ ಹುಟ್ಟದ ತ್ರಿಶಂಕುವನ್ನು ಮಾತ್ರ ಕುದೇರಿನ ಮಕ್ಕಳು ತಮ್ಮ ಹೊಲದ ಬದುವಿನ ಮೇಲೆ ನಿಂತೇ ನೋಡಬಹುದು, ದಕ್ಷಿಣದ ದಿಗಂತ ಕತ್ತಲಾಗಿ ಉಳಿದಿರುವಷ್ಟು ಕಾಲ.